ಕೊನೆಯ ಪಂಕ್ತಿಯ ಹೋಳಿಗೆ

ನವೆಂಬರ್ ೪, ಮಂಗಳವಾರ

ಬಾಯಿಬಿಟ್ಟು ಆಡಿದರೆ ಶಿಕಾರಿಪುರದ ತುಂಬ ಹಬ್ಬುತ್ತದೆ, ಆಡದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಅದಕ್ಕೇ ಗೊಬ್ಬರದ ಅಂಗಡಿಯವರು ಕೊಟ್ಟ ಈ ಡೈರಿ ತೆಗೆದುಕೊಂಡು ಕೂತಿದ್ದೇನೆ. ಇದನ್ನು ಯಾರೂ ಓದಬೇಕಾಗಿಲ್ಲ. ಓದಿದರೆ ನಮ್ಮ ಮನೆಯವರು ಈಶ್ವರ್ ಓದಬೇಕು, ಅವರಿಗೆ ನನ್ನ ಅಕ್ಷರ ತಿಳಿಯುವುದಿಲ್ಲ.

ಭಾನುವಾರದ ಮದುವೆಯಲ್ಲಿ ಅಡುಗೆ ಸಾಲಲಿಲ್ಲ. ಇಷ್ಟು ವರ್ಷದಿಂದ ಅಡುಗೆ ಕಂಟ್ರಾಕ್ಟು ಮಾಡುತ್ತಿದ್ದೇನೆ, ಗಂಗಾಶ್ರೀ ಕೈ ಅಂದರೆ ಜನ ಬಾಯಿ ಚಪ್ಪರಿಸುತ್ತಾರೆ. ಕೊನೆಯ ಪಂಕ್ತಿಗೆ ಹೋಳಿಗೆ ಇರಲಿಲ್ಲ, ಪಲ್ಯ ಇರಲಿಲ್ಲ, ಅನ್ನಕ್ಕೆ ತಿಳಿಸಾರು ಮಾತ್ರ. ಇದೇನು ಹೊಸದಲ್ಲ. ಕೊನೆಯ ಪಂಕ್ತಿ ಅಂದರೆ ಎಲ್ಲ ಕಡೆಯೂ ಹಾಗೇ. ಅಲ್ಲಿ ಕೂರುವವರು ಪಾತ್ರೆ ತೊಳೆಯುವವರು, ಎಲೆ ಎತ್ತುವವರು, ಪೆಂಡಾಲಿನವರು, ವಾಲಗದವರು, ಮತ್ತೆ ಯಾರೂ ಕರೆಯದೆ ವಾಸನೆ ಹಿಡಿದು ಬಂದವರು. ಆ ಜನ ಇದ್ದದ್ದನ್ನು ಉಂಡು ಹೋಗುತ್ತಾರೆ, ಚಕಾರ ಎತ್ತುವುದಿಲ್ಲ.

ಆದರೆ ನನ್ನ ಗ್ರಹಚಾರ ನೋಡಿ. ಗಂಡಿನ ಚಿಕ್ಕಪ್ಪ ಬಸ್ಸು ತಪ್ಪಿಸಿಕೊಂಡು ತಡವಾಗಿ ಬಂದು ಅದೇ ಪಂಕ್ತಿಯಲ್ಲಿ ಕೂತುಬಿಟ್ಟ. ಎಲೆಯ ಮೇಲೆ ಬರೀ ಅನ್ನ ಸಾರು ನೋಡಿದವನೇ, "ನಮ್ಮನ್ನ ಏನಂತ ತಿಳ್ಕಂಡೀರಿ" ಅಂತ ಎದ್ದು ನಿಂತ. ಪಂಕ್ತಿಯಲ್ಲಿ ಕೂತ ಮೇಲೆ ಎಲ್ಲರ ಎಲೆಗೂ ಬಡಿಸುವ ತನಕ ಕೈ ಹಾಕಬಾರದು, ಹಿರಿಯರ ಊಟ ಮುಗಿಯುವ ತನಕ ಏಳಬಾರದು. ನಡುವೆ ಪಂಕ್ತಿ ಮುರಿದು ಏಳುವುದು ಅಂದರೆ ಬಡಿಸಿದವರ ಕೆನ್ನೆಗೆ ಹೊಡೆದ ಹಾಗೆ. ಅವನು ಎದ್ದು ಕೂಗಾಡಿದ್ದು ಬಸ್‌ಸ್ಟ್ಯಾಂಡಿನ ತನಕ ಕೇಳಿಸಿರಬೇಕು.

ಅವನೊಬ್ಬ ಅಲ್ಲಿ ಕೂರದಿದ್ದರೆ ಅಡುಗೆ ಸಾಲಲಿಲ್ಲ ಅಂತ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ತಪ್ಪು ನನ್ನದಲ್ಲ, ಕರೆಯದೆ ಬರುವವರದ್ದು. ಇನ್ನು ಮೇಲೆ ಬಾಗಿಲಲ್ಲಿ ಒಬ್ಬರನ್ನು ನಿಲ್ಲಿಸಬೇಕು.

ಮನೆಗೆ ಬಂದಾಗ ಅತ್ತೆ ಕೇಳಿದ್ದು ಒಂದೇ ಮಾತು. "ಉಂಡ್ಯಾ ಗಂಗವ್ವ?" ಅತ್ತೆಗೆ ಕಿವಿ ಮಂದ, ಊರ ಸುದ್ದಿ ತಲುಪಿಲ್ಲ. ವಾಸನೆಯಲ್ಲೇ ಹೊಟ್ಟೆ ತುಂಬಿದೆ ಅಂತ ಕೈಸನ್ನೆ ಮಾಡಿದೆ. ಅಡುಗೆಯವರಿಗೆ ಎಲ್ಲಿಯ ಹಸಿವು.

ನವೆಂಬರ್ ೭, ಶುಕ್ರವಾರ

ಸೊರಬದಿಂದ ಪರಮಶಿವಪ್ಪನವರ ಫೋನು. ರೈಸ್ ಮಿಲ್ಲಿನ ಸಾಹುಕಾರರು, ಡಾಕ್ಟರ್ ಹುಲಿಯಮ್ಮನವರ ಸನ್ಮಾನ ಸಮಿತಿಗೆ ಅಧ್ಯಕ್ಷರು. ಸನ್ಮಾನ ಇದೇ ಇಪ್ಪತ್ತಮೂರಕ್ಕೆ, ಸೊರಬದ ಕಲ್ಯಾಣ ಮಂಟಪದಲ್ಲಿ. ಊಟದ ಕೆಲಸವನ್ನು ದಸರಾಕ್ಕೆ ಮುಂಚೆಯೇ ನನಗೆ ಒಪ್ಪಿಸಿದ್ದರು. ಈಗ ಹಿಂದೆಮುಂದೆ ನೋಡುತ್ತಾರೆ.

"ಅಲ್ಲಮ್ಮ ಗಂಗಾಶ್ರೀ, ಆ ಮದುವೆ ಸುದ್ದಿ ಇಲ್ಲಿಗೂ ಬಂತು. ಹುಲಿಯಮ್ಮ ಮೇಡಂ ಅಂದ್ರೆ ಲೋಕದ ಹಸಿವಿನ ಬಗ್ಗೆ ಮಾತಾಡೋರು. ಅವ್ರ ಸನ್ಮಾನದಲ್ಲೇ ಊಟ ಸಾಲ್ದೆ ಹೋದ್ರೆ ನಾವು ಸೊರಬದಲ್ಲಿ ತಲೆ ಎತ್ಕಂಡು ತಿರುಗೋದು ಹೆಂಗೆ?"

"ಸಾಲ್ತದ್ರೀ. ಸಾಲ್ಲಿಲ್ಲ ಅಂದ್ರೆ ನಾನು ಮತ್ತೆ ಸೌಟು ಹಿಡಿಯಂಗಿಲ್ಲ" ಅಂದುಬಿಟ್ಟೆ.

ಮಾತು ಬಾಯಿಂದ ಬಿದ್ದುಹೋಯಿತು. ಅವರು ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಹಂಗಾದ್ರೆ ನಿಮ್ಮ ಮಾತಿನ ಮೇಲೆ ಬಿಟ್ಟೀನಿ" ಅಂದರು. ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಈಶ್ವರ್, "ಸೌಟು ಬಿಟ್ರೆ ಏನು ಹಿಡೀತೀಯ, ನನ್ನ ಟೆಂಪೋ ಸ್ಟೇರಿಂಗಾ?" ಅಂತ ನಕ್ಕರು. ನನಗೆ ನಗು ಬರಲಿಲ್ಲ. ಸೌಟು ಬಿಟ್ಟರೆ ನಾನು ಯಾರು ಅಂತ ನನಗೇ ಗೊತ್ತಿಲ್ಲ.

ನವೆಂಬರ್ ೯, ಭಾನುವಾರ

ಹುಲಿಯಮ್ಮನವರ ಭಾಷಣ ಒಂದನ್ನು ಈಶ್ವರ್ ಮೊಬೈಲಿನಲ್ಲಿ ತೋರಿಸಿದರು. ಸೊರಬದ ಕಡೆಯ ಕ್ಯಾಸನೂರು ಅಂದರೆ ಲೋಕಕ್ಕೆ ಮಂಗನ ಕಾಯಿಲೆ ಒಂದೇ ಗೊತ್ತಿತ್ತು, ಈಗ ಅಲ್ಲಿ ಹುಟ್ಟಿದ ಈ ಹೆಂಗಸಿನಿಂದಲೂ ಆ ಊರಿನ ಹೆಸರು ಓಡಾಡುತ್ತಿದೆ. ಹೊರದೇಶದವರು ಡಾಕ್ಟರ್ ಹುಲಿ ಅನ್ನುತ್ತಾರಂತೆ. ನೋಡಿದರೆ ಹುಲಿಯ ಲಕ್ಷಣ ಒಂದೂ ಇಲ್ಲ. ಕುಳ್ಳಗೆ, ತೆಳ್ಳಗೆ, ನೂಲಿನ ಸೀರೆ, ಹಣೆಯ ಮೇಲೆ ಕನ್ನಡಕ. ಮೈಕು ಅವರ ಬಾಯಿಗಿಂತ ಒಂದು ಮೊಳ ಮೇಲಿತ್ತು. ಯಾರೋ ಬಗ್ಗಿಸಲು ಬಂದರೆ ಬೇಡ ಅಂತ ಕೈ ಮಾಡಿ, ಮೈಕೇ ಬೇಡದಷ್ಟು ಗಟ್ಟಿಯಾಗಿ ಮಾತು ಶುರುಮಾಡಿದರು. ಅದು ನನಗೆ ಬಹಳ ಹಿಡಿಸಿತು.

ನೆರೆ ಬಂದು ಗದ್ದೆ ಮುಳುಗಿದರೂ ಕೊಳೆಯದ ಭತ್ತದ ತಳಿ ಮಾಡಿದವರಂತೆ ಇವರು. ಎಲ್ಲೆಲ್ಲೋ ಸಮುದ್ರದ ಪಕ್ಕದ ದೇಶಗಳಲ್ಲಿ ಅದನ್ನು ಬಿತ್ತಿ ಜನ ಉಣ್ಣುತ್ತಾರೆ. ಅಷ್ಟು ಮಾಡಿ ಸುಮ್ಮನೆ ಕೂರಬಹುದಿತ್ತು. ಪ್ರಯೋಗಶಾಲೆ ಬಿಟ್ಟು, ಈ ವಯಸ್ಸಿನಲ್ಲಿ ದೇಶದೇಶ ತಿರುಗಿ, ಮಂತ್ರಿಗಳ ಮುಂದೆ ನಿಂತು ಹಸಿದವರ ಪರವಾಗಿ ಜಗಳ ಮಾಡುತ್ತಾರೆ.

ಇಂಗ್ಲಿಷು ನನಗೆ ಅರ್ಥವಾಗಲಿಲ್ಲ. ಈಶ್ವರ್ ಅರ್ಧಂಬರ್ಧ ಹೇಳಿದರು. "ಲೋಕದಾಗೆ ಅನ್ನಕ್ಕೆ ಬರ ಇಲ್ಲ ಅಂತಾರೆ. ಬೆಳೆದಿದ್ದು ಎಲ್ರಿಗೂ ಆಗಿ ಮಿಗತೈತಂತೆ. ಬಡಿಸೋ ಕೈ ಮೊದಲನೇ ಪಂಗ್ತಿ ಹತ್ರನೇ ಖಾಲಿ ಆಗ್ತೈತಿ ಅಂತಾರೆ ನೋಡು."

ಬಡಿಸುವ ಕೈಯಂತೆ. ನನಗೆ ಸಿಟ್ಟು ಬಂತು. ಎಲ್ಲ ಬಿಟ್ಟು ಬಡಿಸುವವರ ಮೇಲೆ ಯಾಕೆ ಹೇಳಬೇಕು? ಬಿಸಿ ಕೊಪ್ಪರಿಗೆ ಎತ್ತಿ ಸೊಂಟ ಬಿದ್ದುಹೋದವರು ನಾವು. ಅಷ್ಟರಲ್ಲಿ ಇನ್ನೊಂದು ವಿಡಿಯೋ ಬಂತು. ಅದೇ ಸಭೆ ಮುಗಿದ ಮೇಲಿನ ಔತಣ. ದೊಡ್ಡ ದೊಡ್ಡವರೆಲ್ಲ ಮೇಜಿನ ಸುತ್ತ ಕೂತಿದ್ದರೆ ಈಯಮ್ಮ ಅಡುಗೆಮನೆಗೆ ಹೋಗಿ, ಬಿಳಿ ಟೋಪಿ ಹಾಕಿದ ಅಡುಗೆಯವನ ಭುಜ ಮುಟ್ಟಿ ಏನೋ ಕೇಳುತ್ತಿದ್ದಾರೆ.

"ಏನು ಕೇಳಿದ್ದು?" ಅಂದೆ.

"ನಿಂದು ಊಟ ಆಯ್ತಾ ಅಂತ."

ಅಡುಗೆಮನೆಗೆ ಅತಿಥಿಗಳು ನುಗ್ಗಿದರೆ ನಮಗೆಷ್ಟು ತೊಂದರೆ ಅಂತ ಇವರಿಗೇನು ಗೊತ್ತು. ಆದರೂ ಆ ವಿಡಿಯೋ ಇನ್ನೊಂದು ಸಲ ಹಾಕಿಸಿಕೊಂಡು ನೋಡಿದೆ.

ನವೆಂಬರ್ ೧೩, ಗುರುವಾರ

ಇವತ್ತಿನ ಪೆದ್ದುತನವನ್ನು ಬರೆಯಲೇಬೇಕು.

ಹೂರಣಕ್ಕೆ ಬೇಳೆ ಆರಿಸುತ್ತಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನು. "ಗಂಗಾಶ್ರೀ ಅವ್ರೇನವ್ವ? ನಾನು ಹುಲಿಯಮ್ಮ."

"ಯಾವ ಹುಲಿಯಮ್ಮ? ಪಾತ್ರೆ ತೊಳೆಯಾಕೆ ಈ ಸಲ ಜನ ಆಗ್ಯಾರವ್ವ, ಮುಂದಿನ ಸಲ ನೋಡಾಣ" ಅಂದೆ.

ಆ ಕಡೆಯಿಂದ ನಗು. "ಡಾಕ್ಟರ್ ಹುಲಿಯಮ್ಮ ಅಂತಾರೆ ನನ್ನ. ಪಾತ್ರೆನೂ ಚೆನ್ನಾಗೇ ತೊಳೀತೀನಿ, ನಮ್ಮವ್ವ ಕಲಿಸಿದಾಳೆ."

ಕೈಯಲ್ಲಿದ್ದ ಮೊರ ಜಾರಿ ಬೇಳೆಯೆಲ್ಲ ನೆಲದ ಪಾಲಾಯಿತು. ತಪ್ಪಾಯ್ತು ಮೇಡಂ, ತಪ್ಪಾಯ್ತು ಅಂತ ಎಷ್ಟು ಸಲ ಅಂದೆನೋ. ಅವರು ಅದನ್ನು ಕಿವಿಗೇ ಹಾಕಿಕೊಳ್ಳದೆ, ಸನ್ಮಾನದ ದಿನ ಏನು ಅಡುಗೆ ಅಂತ ಕೇಳಿದರು. ಹೋಳಿಗೆ ಅಂದೆ. ಅದಕ್ಕೆ ಅವರು ಹೇಳಿದರು.

"ನಮ್ಮವ್ವ ಸೊರಬದಲ್ಲಿ ಮದುವೆಮನೆಗಳಲ್ಲಿ ಎಲೆ ಎತ್ತತಿದ್ಲು. ನಾನು ಅವಳ ಸೆರಗು ಹಿಡ್ಕಂಡು ಹೋಗಿ ಹಿತ್ತಲಲ್ಲಿ ಕೂತಿರ್ತಿದ್ದೆ. ನಮ್ಮ ಪಾಳಿ ಬರೋ ಹೊತ್ತಿಗೆ ಅನ್ನ ಸಾರು ಉಳಿದಿರೋದು. ಹೋಳಿಗೆ ಅಂದ್ರೆ ತಿನ್ನೋ ವಸ್ತು ಅಂತ ನಂಗೆ ಗೊತ್ತಾಗಿದ್ದು ಹೈಸ್ಕೂಲಿಗೆ ಹೋದ್ಮೇಲೆ. ಅಲ್ಲಿ ತನಕ ಅದು ಬರೀ ಒಂದು ವಾಸನೆ ಅಂದ್ಕಂಡಿದ್ದೆ."

ಅವರು ನಗುತ್ತಲೇ ಹೇಳಿದರು. ನನಗೆ ನಗಲು ಆಗಲಿಲ್ಲ.

"ಇನ್ನೊಂದು ಮಾತು ತಂಗಿ. ಅವತ್ತು ನಾನು ಕೊನೇ ಪಂಗ್ತೀಲಿ ಕೂರ್ತೀನಿ. ಕಮಿಟಿಯವ್ರಿಗೆ ಹೇಳಿದೀನಿ. ಬ್ಯಾಸರ ಮಾಡ್ಕಂಡಾರು, ನೀನು ಮಾಡ್ಕಬೇಡ."

ಫೋನಿಟ್ಟ ಮೇಲೆ ಬೇಳೆ ಬಾಚುತ್ತಾ ತೀರ್ಮಾನ ಮಾಡಿದೆ. ಅವತ್ತು ಯಾರಿಗೆ ಸಿಗುತ್ತದೋ ಬಿಡುತ್ತದೋ, ಆ ತಾಯಿಯ ಎಲೆಗೆ ಹೋಳಿಗೆ ಬೀಳಲೇಬೇಕು. ಬಿಸಿಬಿಸಿಯಾಗಿ, ತುಪ್ಪ ಸುರಿದು, ನನ್ನ ಕೈಯಾರೆ ಬಡಿಸುತ್ತೇನೆ.

ನವೆಂಬರ್ ೧೭, ಸೋಮವಾರ

ಪರಮಶಿವಪ್ಪನವರ ಮಿಲ್ಲಿನಲ್ಲಿ ಸಭೆ. ಮೇಡಂ ಕೊನೆಯ ಪಂಕ್ತಿಯಲ್ಲಿ ಕೂರುವ ವಿಷಯದ ಮೇಲೆ ಒಂದು ಗಂಟೆ ಚರ್ಚೆ. ಕೊನೆಯ ಪಂಕ್ತಿಯನ್ನೇ ಮೊದಲು ಕೂರಿಸೋಣ ಅಂತ ಒಬ್ಬರು. ಹಾಗಾದರೆ ಎಮ್ಮೆಲ್ಲೆ ಸಾಹೇಬರು ಎಲ್ಲಿ ಕೂರಬೇಕು ಅಂತ ಇನ್ನೊಬ್ಬರು. ಕಡೆಗೆ ಪರಮಶಿವಪ್ಪನವರು ನನ್ನನ್ನು ಪಕ್ಕಕ್ಕೆ ಕರೆದು, "ಅವ್ರಿಗೆ ಅಂತ ಒಂದಿಷ್ಟು ತೆಗೆದಿಟ್ಟುಬಿಡು ಗಂಗಾಶ್ರೀ. ಯಾರಿಗೂ ಗೊತ್ತಾಗೋದು ಬ್ಯಾಡ" ಅಂದರು.

ನನ್ನ ಮನಸ್ಸಿನಲ್ಲಿದ್ದದ್ದೇ ಅವರ ಬಾಯಲ್ಲಿ ಬಂತು. ಹಿತ್ತಾಳೆಯ ಮುಚ್ಚಳ ಇರುವ ಬುಟ್ಟಿ ಮನೆಯಲ್ಲಿದೆ, ಅದೇ ಸರಿ.

ನವೆಂಬರ್ ೨೨, ಶನಿವಾರ

ಸೊರಬಕ್ಕೆ ಬಂದು ಒಲೆ ಹೂಡಿದೆವು. ಹೂರಣ ಚೆನ್ನಾಗಿ ಬಂದಿದೆ, ಕಣಕ ಹದವಾಗಿದೆ. ಬೆಳಗಿನ ಉಪ್ಪಿಟ್ಟಿಗೆ ರವೆ ಬಂದಿದೆ. ಬಾಗಿಲಿಗೆ ಈಶ್ವರ್ ಅವರನ್ನೇ ನಿಲ್ಲಿಸುವವಳಿದ್ದೆ. "ಹಸಿವಿನ ಡಾಕ್ಟರ ಊಟಕ್ಕೆ ಹಸಿದೋರು ಬರದಂಗೆ ನಾನು ಕಾಯಬೇಕಾ? ನಾನೊಲ್ಲೆ" ಅಂದುಬಿಟ್ಟರು. ಇವರಿಗೆ ಇಂಥ ಹೊತ್ತಿನಲ್ಲೇ ಬುದ್ಧಿ ಹುಟ್ಟುವುದು.

ದೇವರೇ, ನಾಳೆ ಸಾಲಲಿ.

ನವೆಂಬರ್ ೨೩, ಭಾನುವಾರ

ಸಾಲಲಿಲ್ಲ.

ನವೆಂಬರ್ ೨೫, ಮಂಗಳವಾರ

ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಇವತ್ತು ಅತ್ತೆ ಬಂದು ತಲೆಗೆ ಎಣ್ಣೆ ಒತ್ತಿದರು. ಕೂತು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಹುಚ್ಚು ಹಿಡಿಯುತ್ತದೆ.

ಮೊದಲಿಗೆ ಎಲ್ಲ ಚೆನ್ನಾಗಿಯೇ ನಡೆಯಿತು. ಮೇಡಂ ಭಾಷಣ ಗಡಿಯಾರ ನೋಡುವಷ್ಟರಲ್ಲಿ ಮುಗಿಯಿತು. ಅಡುಗೆಮನೆಯ ಕಿಟಕಿಯಿಂದ ಕೇಳಿದೆ. "ನಾನು ಭತ್ತದ ತಳಿ ಮಾಡ್ದಾಗ, ಇನ್ನು ಮೇಲೆ ಯಾರೂ ಹಸಿದಿರಲ್ಲ ಅಂದ್ಕಂಡಿದ್ದೆ. ಬೆಳೆ ಬಂತು, ಗೋದಾಮು ತುಂಬಿತು, ಹಸಿದೋರು ಹಸಿದೇ ಇದ್ರು. ಅದಕ್ಕೆ ಬೀಜ ಬಿಟ್ಟು ಮಾತು ಹಿಡಿದೆ. ಇದಕ್ಕಿಂತ ಹೆಚ್ಚು ಹೇಳಲ್ಲ. ಊಟದ ವಾಸನೆ ಬರ್ತಾ ಇದೆ, ಹಸಿದೋರ ಮುಂದೆ ಹಸಿವಿನ ಬಗ್ಗೆ ಉದ್ದ ಮಾತಾಡಬಾರದು." ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನೂ ಹಿಟ್ಟಿನ ಕೈಯಲ್ಲೇ ಹೊಡೆದೆ. ಇಷ್ಟು ಸಣ್ಣ ಜೀವದಲ್ಲಿ ಎಷ್ಟು ಧೈರ್ಯ ಅನ್ನಿಸಿ ಕಣ್ಣು ತುಂಬಿತು.

ಆಮೇಲೆ ಜನ ನುಗ್ಗಿತು. ಹೇಳಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ಮೊದಲ ಪಂಕ್ತಿಯಲ್ಲಿ ಎಮ್ಮೆಲ್ಲೆ, ಸಾಹುಕಾರರು, ಅಧಿಕಾರಿಗಳು. ಬೇಡ ಬೇಡ ಅನ್ನುತ್ತಲೇ ಎಲೆಗೆ ನಾಲ್ಕು ನಾಲ್ಕು ಹಾಕಿಸಿಕೊಂಡರು, ಅರ್ಧ ತಿಂದು ಮಡಚಿದರು. ಮುಂದಿನ ಪಂಕ್ತಿಗಳಲ್ಲಿ ಮೂರಾಯಿತು, ಎರಡಾಯಿತು, ಒಂದಾಯಿತು. ಹೂರಣದ ಕೊಪ್ಪರಿಗೆಯ ತಳ ಕಂಡಿತು. ಆದರೂ ಒಂದು ಧೈರ್ಯ. ಮುಚ್ಚಳದ ಬುಟ್ಟಿ ನನ್ನ ಕಾಲ ಬಳಿಯೇ ಇದೆ.

ಕೊನೆಯ ಪಂಕ್ತಿ ಕೂತಿತು. ಕೊಪ್ಪರಿಗೆ ತೊಳೆಯುವ ಸಣ್ಣಬೀರಪ್ಪ, ಅವನ ಕಡೆಯವರು, ವಾಲಗದವರು, ಪೆಂಡಾಲಿನವರು, ಡ್ಯೂಟಿ ಪೊಲೀಸರು, ಬೆಳಗಿನಿಂದ ಫೋಟೋ ತೆಗೆದು ತೆಗೆದು ಸೊರಗಿದ ಫೋಟೋದವರು. ನಡುವೆ, ಸಣ್ಣಬೀರಪ್ಪನ ಪಕ್ಕದಲ್ಲಿ, ಜರತಾರಿ ಶಾಲು ಮಡಚಿ ತೊಡೆಯ ಮೇಲಿಟ್ಟುಕೊಂಡು ಮೇಡಂ ಕೂತರು. ಅನ್ನ, ಸಾರು ಬಡಿಸಿಯಾಯಿತು. ನಾನು ಬುಟ್ಟಿ ಹಿಡಿದುಕೊಂಡು ನೆಟ್ಟಗೆ ಅವರ ಮುಂದೆ ಹೋಗಿ, ಎಲೆಗೆ ಎರಡು ಹೋಳಿಗೆ ಹಾಕಿ, ಮಿಳ್ಳೆ ತುಂಬ ತುಪ್ಪ ಸುರಿದೆ. ಅವರ ಮುಖ ಅರಳುವುದನ್ನು ನೋಡಲು ನಿಂತೆ.

ಅವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು.

"ಇವ್ರಿಗೆ?"

"ಖಾಲಿ ಆಯ್ತು ಮೇಡಂ."

"ನಂಗೆಲ್ಲಿಂದ ಬಂತು?"

"ನಿಮಗೆ ಅಂತ ತೆಗೆದಿಟ್ಟಿದ್ದೆ."

ನನ್ನ ಮೇಲೆ ರೇಗಲಿಲ್ಲ. ರೇಗಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. "ಹಂಗಾದ್ರೆ ಕಾಯ್ತೀನಿ ತಂಗಿ, ಅವ್ರಿಗೂ ಬರಲಿ" ಅಂತ ಕೈ ಎರಡನ್ನೂ ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟರು.

ಈಗ ಪೇಚಿಗೆ ಬಂತು. ಹಿರಿಯರು ಕೈ ಹಾಕದೆ ಪಂಕ್ತಿಯಲ್ಲಿ ಯಾರು ಕೈ ಹಾಕುತ್ತಾರೆ? ವಾಲಗದವನೊಬ್ಬ ಅನ್ನ ಕಲಸಲು ಹೋದವನು ಬೆರಳು ಹಿಂದಕ್ಕೆಳೆದುಕೊಂಡ. ಸಾಲಿಗೆ ಸಾಲೇ ಸುಮ್ಮನೆ ಕೂತಿತು. ಎಲೆಯ ಮೇಲೆ ಅನ್ನ ಆರುತ್ತಿದೆ. ಉಂಡವರೆಲ್ಲ ತಾಂಬೂಲ ಹಾಕಿಕೊಂಡು ಬಾಗಿಲಲ್ಲಿ ನಿಂತು ನೋಡುತ್ತಿದ್ದಾರೆ.

ಸಣ್ಣಬೀರಪ್ಪ ತಲೆ ತಗ್ಗಿಸಿಕೊಂಡು ಹೇಳಿದ. "ನೀವು ಉಣ್ಣಿ ತಾಯಿ. ನಮಗೆ ರೂಢಿ ಐತೆ."

"ಗೊತ್ತಪ್ಪ. ನಿಮಗೆ ರೂಢಿ ಆಗೈತಿ ಅಂತ್ಲೇ ನಾನು ಇಷ್ಟು ವರ್ಷ ದೇಶ ದೇಶ ಅಲೆದಿದ್ದು."

ಪರಮಶಿವಪ್ಪನವರು ಓಡಿಬಂದರು. ಶಿವಮೊಗ್ಗದಿಂದ ರೈಲಿದೆ ಮೇಡಂ, ಕಾರು ನಿಂತಿದೆ ಅಂತ ಬೇಡಿಕೊಂಡರು. "ಪಂಗ್ತಿ ಮುರಿದು ಹೆಂಗೆ ಏಳ್ಲಿ ಸಾಹುಕಾರ್ರೆ? ನಿಮ್ಮೂರ ಪದ್ಧತಿ ನೀವೇ ಹೇಳಿ." ಸಾಹುಕಾರರು ಕಾರಿನವನಿಗೆ ಕಾಯಲು ಕೈಸನ್ನೆ ಮಾಡಿದರು.

ನನಗೋ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಮತ್ತೆ ಸಾಲಲಿಲ್ಲ. ಈ ಸಲ ಇಡೀ ಸೊರಬದ ಮುಂದೆ. ಮಾಡಿದ್ದೆಲ್ಲ ಇವರ ಮೇಲಿನ ಪ್ರೀತಿಗೆ, ಇವರೇ ನನ್ನ ಮರ್ಯಾದೆ ಕಳೆದರು ಅಂತ ಕಣ್ಣಲ್ಲಿ ನೀರು. ಬುಟ್ಟಿ ಮುಂದೆ ಹಿಡಿದು, "ಇರೋದು ಇಷ್ಟೇ ಮೇಡಂ. ಮುರಿದು ಹಾಕಿದ್ರೆ ಒಬ್ಬೊಬ್ಬರಿಗೆ ಕಾಗೆ ಎಂಜಲಿನಷ್ಟು ಬರ್ತದೆ" ಅಂದೆ.

ಅವರು ನನ್ನ ಮುಖ ನೋಡಿದರು. ತಮ್ಮ ಎಲೆಯ ಎರಡನ್ನೂ ಎತ್ತಿ ಬುಟ್ಟಿಗೆ ಹಾಕಿ, ಮೆಲ್ಲಗೆ ಹೇಳಿದರು. "ಅಷ್ಟೇ ಹಾಕವ್ವ. ವಾಸನೆಗಿಂತ ಜಾಸ್ತಿ ಆಯ್ತಲ್ಲ."

ಆ ಮಾತು ಕೇಳಿದ ಮೇಲೆ ನನಗೆ ಏನಾಯಿತೋ. ಅಡುಗೆಮನೆಗೆ ಹೋಗಿ ನೋಡಿದೆ. ಬೆಳಗಿನ ಉಪ್ಪಿಟ್ಟಿನಲ್ಲಿ ಉಳಿದ ರವೆ ಅರ್ಧ ಚೀಲ ಇತ್ತು. ಹೂರಣಕ್ಕೆ ಕುಟ್ಟಿದ ಬೆಲ್ಲ ಇತ್ತು. ತುಪ್ಪದ ಡಬ್ಬದ ತಳದಲ್ಲಿ ತುಪ್ಪವೂ ಇತ್ತು. ಇದೆಲ್ಲ ಮೊದಲಿನಿಂದಲೂ ಅಲ್ಲೇ ಇತ್ತು, ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಆರಿಸಿದ್ದ ಒಲೆ ಮತ್ತೆ ಹಚ್ಚಿದೆ. ಈಶ್ವರ್ ರವೆ ಹುರಿಯಲು ನಿಂತರು, ನಾನು ಪಾಕಕ್ಕಿಟ್ಟೆ. ಬೆಲ್ಲದ ಸಜ್ಜಿಗೆ, ಏಲಕ್ಕಿ ಕುಟ್ಟಿ, ಒಂದು ಚಿಟಿಕೆ ಉಪ್ಪು ಹಾಕಿ. ಅಷ್ಟು ಬೇಗ ನಾನು ಯಾವ ಮದುವೆಗೂ ಅಡುಗೆ ಮಾಡಿಲ್ಲ.

ಕೊಪ್ಪರಿಗೆ ಹೊರಗೆ ತಂದರೆ ಬಡಿಸುವವರೇ ಇಲ್ಲ, ಎಲ್ಲರೂ ಉಂಡು ಕೈತೊಳೆದು ಚದುರಿದ್ದಾರೆ. ಪರಮಶಿವಪ್ಪನವರು ಒಂದು ಗಳಿಗೆ ಆ ಕಡೆ ಈ ಕಡೆ ನೋಡಿ, ರೇಷ್ಮೆ ಪಂಚೆ ಎತ್ತಿ ಕಟ್ಟಿ ಸೌಟು ಹಿಡಿದರು. ಮೊದಲ ಸೌಟು ಅರ್ಧ ಎಲೆಗೆ, ಅರ್ಧ ಪಂಚೆಗೆ. ಪಂಕ್ತಿಯಲ್ಲಿ ನಗು ಎದ್ದಿತು. ನಾನು ಹಿಂದಿನಿಂದ ಹೋಳಿಗೆ ಚೂರು ಹಾಕುತ್ತಾ ಬಂದೆ. ಕಾಗೆ ಎಂಜಲಿನಷ್ಟೇ, ಆದರೆ ಎಲ್ಲರ ಎಲೆಗೂ ಬಂತು.

ಇನ್ನಾದರೂ ಕೈ ಹಾಕುತ್ತಾರೆ ಅಂದುಕೊಂಡರೆ ಮೇಡಂ ನನ್ನ ಕಡೆ ತಿರುಗಿದರು. "ನಿಂದು ಊಟ ಆಯ್ತಾ ತಂಗಿ?"

ವಾಸನೆಯಲ್ಲೇ ಹೊಟ್ಟೆ ತುಂಬಿದೆ ಅಂತ ಬಾಯಿಗೆ ಬಂತು. ಅವರ ಮುಂದೆ ಆ ಮಾತು ಆಡಲು ಆಗಲಿಲ್ಲ.

"ಒಂದು ಎಲೆ ಹಾಕ್ಕಂಡು ಕೂತ್ಕೊ. ನೀನೂ ಇದೇ ಪಂಗ್ತಿಯವಳಲ್ವಾ?"

ಸಣ್ಣಬೀರಪ್ಪ ಸರಿದು ಜಾಗ ಬಿಟ್ಟ. ಕೂತೆ. ಸಾಹುಕಾರರು ನನ್ನ ಎಲೆಗೂ ಬಡಿಸಿದರು. ಮೇಡಂ ಹೋಳಿಗೆಯ ಚೂರನ್ನು ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡರು, ಇಡೀ ಪಂಕ್ತಿ ಎಲೆಗೆ ಕೈ ಹಾಕಿತು. ಮೊದಲ ತುತ್ತು ಒಳಗೆ ಹೋದ ಮೇಲೆ ತಿಳಿಯಿತು ನನಗೆಷ್ಟು ಹಸಿವಾಗಿತ್ತು ಅಂತ. ಇಷ್ಟು ವರ್ಷದಲ್ಲಿ ನನ್ನ ಅಡುಗೆಯನ್ನು ಎಲೆ ಹಾಕಿಕೊಂಡು ಕೂತು ಉಂಡದ್ದು ಅದೇ ಮೊದಲು. ಸಾರಿಗೆ ಹುಳಿ ಸ್ವಲ್ಪ ಮುಂದಾಗಿತ್ತು, ಇದನ್ನು ಯಾರೂ ನನಗೆ ಹೇಳಿರಲಿಲ್ಲ.

ಅವರು ಹೋಗುವಾಗ ನನ್ನ ಎರಡೂ ಕೈ ಹಿಡಿದುಕೊಂಡರು. ದೊಡ್ಡ ಜೀವ, ಇಲ್ಲ ಅನ್ನುವುದಿಲ್ಲ. ಆದರೆ ನನ್ನನ್ನು ಆ ಪರಿಸ್ಥಿತಿಯಲ್ಲಿ ನಿಲ್ಲಿಸಬಾರದಿತ್ತು. ಸಾಲಲಿಲ್ಲ ಅಂದರೆ ಸಾಲಲಿಲ್ಲ. ಮಾತು ಕೊಟ್ಟಿದ್ದೇನೆ, ಇನ್ನು ಸೌಟು ಮುಟ್ಟುವುದಿಲ್ಲ.

ನವೆಂಬರ್ ೨೮, ಶುಕ್ರವಾರ

ಪರಮಶಿವಪ್ಪನವರು ಮನೆಗೇ ಬಂದರು. ಅಡುಗೆ ಬಿಡುತ್ತೇನೆ, ಆಡಿದ ಮಾತು ಉಳಿಸಿಕೊಳ್ಳುತ್ತೇನೆ ಅಂತ ನಾನೇ ಮೊದಲು ಹೇಳಿದೆ.

"ಯಾರಂದ್ರು ಸಾಲ್ಲಿಲ್ಲ ಅಂತ?" ಅಂದರು. "ಕೊನೇ ಎಲೆಗೂ ಸಿಹಿ ಬಿತ್ತು. ನಾನೇ ಬಡಿಸೀನಿ, ನನಗೆ ಗೊತ್ತಿಲ್ವಾ? ಪಂಚೆ ಮೇಲಿನ ಬೆಲ್ಲದ ಕಲೆ ಇನ್ನೂ ಹೋಗಿಲ್ಲ. ಮನೇಲಿ ಬೈತಾ ಇದಾರೆ." ಅವರು ಹಾಗೆ ನಗುವುದನ್ನು ನಾನು ನೋಡಿಯೇ ಇರಲಿಲ್ಲ.

ಸಂಜೆ ಸಣ್ಣಬೀರಪ್ಪನೂ ಸೊರಬದ ಬಸ್ಸಿಗೆ ಬಂದಿಳಿದ. ಸಜ್ಜಿಗೆ ಮಾಡುವುದು ಹೇಗೆ ಅಂತ ಅವನ ಹೆಂಡತಿ ರಾಜೇಶ್ವರಮ್ಮ ಕೇಳಿಕೊಂಡು ಬರಲು ಹೇಳಿದ್ದಾಳಂತೆ. ಹೇಳಿಕೊಟ್ಟೆ. ಅವಳಿಗೆ ಮಂಡಿನೋವಂತೆ, ಅವತ್ತು ಅವಳೂ ಇದ್ದಳಂತೆ, ನಾನು ಗಮನಿಸಿರಲಿಲ್ಲ. ಮುಂದಿನ ಸಲ ಅವಳಿಗೆ ಕೂರಲು ಒಂದು ಸ್ಟೂಲು ಇಡಬೇಕು.

ಹುಲಿಯಮ್ಮ ಮೇಡಂ ಮತ್ತೆ ಯಾವುದೋ ದೇಶಕ್ಕೆ ಹೋದರಂತೆ, ಅಲ್ಲೂ ಸಭೆಯಂತೆ. ಅಷ್ಟು ಸಣ್ಣ ಶರೀರ, ಎಷ್ಟು ಊರು ಅಂತ ತಿರುಗುತ್ತಾರೋ. ಎಲ್ಲರನ್ನೂ ಊಟ ಆಯ್ತಾ ಅಂತ ಕೇಳುತ್ತಾರೆ, ಅಲ್ಲಿ ಅವರನ್ನು ಕೇಳುವವರು ಯಾರು? ಹೋಳಿಗೆ ಕಟ್ಟಿ ಕಳಿಸುವ ಹಾಗಿದ್ದಿದ್ದರೆ ಕಳಿಸುತ್ತಿದ್ದೆ. ಕಳಿಸಿದರೂ ಪಕ್ಕದ ಸೀಟಿನವರಿಗೆ ಹಂಚಿಬಿಡುತ್ತಿದ್ದರು, ಆ ಮಾತು ಬೇರೆ.

ಡಿಸೆಂಬರ್ ೭, ಭಾನುವಾರ

ಶಿಕಾರಿಪುರದಲ್ಲಿ ಮದುವೆ. ದೊಡ್ಡ ಮನೆತನ, ಜನ ಬಹಳ. ಕಾಲು ಸೋತಿವೆ, ಆದರೂ ನಾಲ್ಕು ಸಾಲು ಬರೆಯುತ್ತೇನೆ.

ಬೆಳಿಗ್ಗೆ ಬೆಂದ ಮೊದಲ ಒಬ್ಬೆ ಹೋಳಿಗೆಯನ್ನು ದೊಡ್ಡ ಬುಟ್ಟಿಗೆ ತುಂಬಿ, ಬಟ್ಟೆ ಮುಚ್ಚಿ, ಅತ್ತೆಯನ್ನು ಪಕ್ಕದಲ್ಲಿ ಕೂರಿಸಿದೆ. ಅದು ಕೊನೆಯ ಪಂಕ್ತಿಗೆ. ಇದರಲ್ಲಿ ವಿಶೇಷ ಏನೂ ಇಲ್ಲ, ನಾನು ಯಾವಾಗಲೂ ಮಾಡುವುದು ಹಾಗೆಯೇ.

ಮೊದಲ ಪಂಕ್ತಿಯಲ್ಲಿ ಯಾರು ಬಂದು ಕೂತಿದ್ದ ಅಂದರೆ, ಆ ಬಸ್ಸು ತಪ್ಪಿಸಿಕೊಂಡ ಚಿಕ್ಕಪ್ಪ. ಈ ಮನೆಯವರಿಗೂ ನೆಂಟನಂತೆ. ಈ ಸಲ ಜಾಣನಾಗಿ ಎಲ್ಲರಿಗಿಂತ ಮುಂಚೆ ಬಂದು ನಟ್ಟ ನಡುವೆ ಕೂತಿದ್ದ. ಮೂರು ಹೋಳಿಗೆ ಮುಗಿಸಿ, ನಾಲ್ಕನೆಯದಕ್ಕೆ ಎಲೆ ಮುಂದೆ ಸರಿಸಿದ.

"ಖಾಲಿ ಆಯ್ತ್ರಿ" ಅಂದೆ.

"ಏನು, ಮೊದಲನೇ ಪಂಗ್ತಿಗೇ ಖಾಲಿನಾ? ನಿಮ್ಮದು ಯಾವಾಗ್ಲೂ ಇಷ್ಟೇ ನೋಡ್ರಿ, ಸಾಲಂಗಿಲ್ಲ" ಅಂದ. ಪಕ್ಕದವರಿಗೂ ಕೇಳುವ ಹಾಗೆಯೇ ಅಂದ. ಇನ್ನೂ ಏನೋ ಅಂದಿರಬೇಕು, ನನಗೆ ನಿಂತು ಕೇಳಲು ಪುರುಸೊತ್ತಿರಲಿಲ್ಲ.

ಅಡುಗೆಮನೆಯಲ್ಲಿ ಈಶ್ವರ್ ಬಟ್ಟೆ ಎತ್ತಿ ನೋಡಿ, ನಗುತ್ತಾ ನಿಂತಿದ್ದರು. "ಸುಳ್ಳು ಹೇಳಿದ್ಯಲ್ಲ ಗಂಗಾ. ಬುಟ್ಟಿ ತುಂಬ ಐತಿ."

"ಸುಳ್ಳೆಲ್ಲಿ ಹೇಳಿದೆ? ಅವರ ಪಾಲಿಂದು ಖಾಲಿ ಆಗಿತ್ತು. ಇದು ಬೇರೆಯವ್ರದು" ಅಂದೆ.

ಮಧ್ಯಾಹ್ನ ಕಳೆದ ಮೇಲೆ ಕೊನೆಯ ಪಂಕ್ತಿಗೆ ಎಲೆ ಹಾಸಿದೆವು. ಸಣ್ಣಬೀರಪ್ಪ, ಸ್ಟೂಲಿನ ಮೇಲೆ ರಾಜೇಶ್ವರಮ್ಮ, ವಾಲಗದ ಚನ್ನೇಶ್, ಪೆಂಡಾಲಿನ ಭೀಮಣ್ಣ, ಅವನ ಜೊತೆಯವರು, ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವ ಅಜ್ಜಿ. ಅಜ್ಜಿಗೆ ಹಲ್ಲಿಲ್ಲ, ಅವಳ ಹೋಳಿಗೆಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟೆ. ಎಲ್ಲರಿಗೂ ಎರಡೆರಡು ಬಂತು. ಅತ್ತೆ ದೂರದಿಂದಲೇ ಕೇಳಿದರು. "ಉಂಡ್ಯಾ ಗಂಗವ್ವ?"

"ಎಲೆ ಹಾಕ್ಕಂಡೀನಿ ಅತ್ತೆ, ಈಗ ಕೂರ್ತೀನಿ" ಅಂತ ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆ.